ಬ್ಯಾಡ್ಜ್ ನಂಬಬೇಡಿ, ಡ್ರಮ್ಮಿನ ಒಳಗೆ ನೋಡಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಗಣೇಶನನ್ನು ಕೂರಿಸಿದ ಮೇಲೆ ಒಂದು ರಾತ್ರಿಯಾದರೂ ಆರ್ಕೆಸ್ಟ್ರಾ ಇರಲೇಬೇಕು ಎಂಬ ಕಾಲವೊಂದಿತ್ತು. ರಾಜ್ಯೋತ್ಸವಕ್ಕೂ ಅದೇ, ಜಾತ್ರೆಗೂ ಅದೇ. ಹಾಡುವವರು ಯಾರೇ ಇರಲಿ, ಮುಂದೆ ಕೂತ ಹುಡುಗರ ಕಣ್ಣೆಲ್ಲ ಹಿಂದೆ ಮಿಣಮಿಣ ಹೊಳೆಯುವ ಡ್ರಮ್ ಸೆಟ್ಟಿನ ಮೇಲೆ. ಜಪಾನಿನ ರೋಲ್ಯಾಂಡ್ ಕಂಪನಿ 1985ರಲ್ಲಿ ಆಕ್ಟಾಪ್ಯಾಡ್ ಎಂಬ ಎಂಟು ಚೌಕದ ವಿದ್ಯುತ್ ವಾದ್ಯ ತಂದಿತು. ಅದೂ ಅದರ ಹಿಂದೆ ಬಂದ ರಿದಂ ಪ್ಯಾಡುಗಳೂ ನಮ್ಮ ವೇದಿಕೆಗಳನ್ನು ಏರಿದ ಮೇಲೆ ಡ್ರಮ್ ಸೆಟ್ಟಿಗೆ ಕೆಲಸ ಕಡಿಮೆಯಾಯಿತು. ಆಟೊ ತುಂಬ ಹೇರಬೇಕಿದ್ದ ವಾದ್ಯದ ಬದಲು ಹೆಗಲಿಗೆ ಹಾಕುವ ಚೀಲದಲ್ಲಿ ಹಿಡಿಸುವ ವಾದ್ಯ ಸಿಕ್ಕರೆ ಯಾರು ಬಿಡುತ್ತಾರೆ? ಹಳೆಯ ಸೆಟ್ಟುಗಳು ಅಟ್ಟಕ್ಕೆ, ಶಾಮಿಯಾನದ ಗೋದಾಮಿಗೆ, ಕೊನೆಗೆ ಗುಜರಿ ಅಂಗಡಿಗೆ ಹೋದವು. ಈಗ ಹಳೆಯ ವಸ್ತುಗಳಿಗೆ ಬೆಲೆ ಬಂದಿರುವುದರಿಂದ ಅವು ಮತ್ತೆ ಹೊರಗೆ ಬರುತ್ತಿವೆ, ಜೊತೆಗೊಂದು ಕಥೆಯನ್ನೂ ತರುತ್ತಿವೆ. ಮಾರುವವನು ‘ಇಂಗ್ಲೆಂಡಿನದು’ ಎನ್ನುತ್ತಾನೆ. ಕೊಳ್ಳುವವನು ಮುಂಭಾಗದ ತಗಡಿನ ಬ್ಯಾಡ್ಜ್ ನೋಡಿ ತಲೆಯಾಡಿಸುತ್ತಾನೆ. ನದಿಮೂಲ, ಋಷಿಮೂಲ ಹುಡುಕಬಾರದು ಎನ್ನುತ್ತಾರೆ. ಡ್ರಮ್ಮಿನ ಮೂಲವನ್ನು ಧಾರಾಳವಾಗಿ ಹುಡುಕಬಹುದು. ಆದರೆ ಹುಡುಕಾಟ ಬ್ಯಾಡ್ಜಿನಿಂದ ಶುರುವಾಗಬಾರದು. ಡ್ರಮ್ ಸೆಟ್ಟಿನ ಮೇಲಿರುವ ಸಾಕ್ಷಿಗಳಲ್ಲಿ ತೀರ ದುರ್ಬಲವಾದದ್ದು ಅದರ ಹೆಸರು. ಬಲವಾದವು ಯಾರೂ ನೋಡದ ಜಾಗಗಳಲ್ಲಿ, ಮರದ ಒಡಲಿನ ಒಳಗೆ, ಸ್ಕ್ರೂಗಳ ಹಿಂದೆ, ಮುಚ್ಚಿದ ತೂತುಗಳಲ್ಲಿ ಇರುತ್ತವೆ.

ಮೊದಲು ಕಥೆಗಳ ವಿಷಯ ಮುಗಿಸೋಣ. ‘ಬ್ರಿಟಿಷರ ಕಾಲದ್ದು’ ಎಂಬ ಮಾತು ನಮ್ಮಲ್ಲಿ ಹಿತ್ತಾಳೆ ಚೊಂಬಿನಿಂದ ಗೋಡೆ ಗಡಿಯಾರದವರೆಗೆ ಎಲ್ಲದಕ್ಕೂ ಸಲ್ಲುತ್ತದೆ. ರಾಮನಗರದಲ್ಲಿ ಇನ್ನೊಂದು ಸವಲತ್ತಿದೆ: ಯಾವ ಹಳೆಯ ಸಾಮಾನಿಗಾದರೂ ‘ಶೋಲೆ’ ಅಂಟಿಸಬಹುದು. 1973ರ ಕೊನೆಯಿಂದ ರಾಮದೇವರ ಬೆಟ್ಟದ ಬಂಡೆಗಳ ನಡುವೆ ಆ ಚಿತ್ರೀಕರಣ ನಡೆದದ್ದು ನಿಜ, ಚಿತ್ರ 1975ರಲ್ಲಿ ತೆರೆಕಂಡದ್ದೂ ನಿಜ. ಆದರೆ ಹಿಂದಿ ಚಿತ್ರದ ಹಾಡು, ಹಿನ್ನೆಲೆ ಸಂಗೀತಗಳು ಧ್ವನಿಮುದ್ರಣವಾಗುತ್ತಿದ್ದದ್ದು ಮುಂಬೈಯ ಸ್ಟುಡಿಯೊಗಳಲ್ಲಿ. ಬೆಟ್ಟದ ಬುಡಕ್ಕೆ ಡ್ರಮ್ ಸೆಟ್ ಹೊತ್ತು ತರುವ ಅಗತ್ಯ ಯಾರಿಗೂ ಇರಲಿಲ್ಲ. ಕಥೆ ಸುಳ್ಳೆಂದು ಸಾಧಿಸುವುದು ನಮ್ಮ ಕೆಲಸವಲ್ಲ. ಕಥೆಗೆ ವಸ್ತುವಿನ ಮೇಲೆ ಗುರುತು ಇದೆಯೇ ಎಂದು ಕೇಳುವುದಷ್ಟೇ ಕೆಲಸ. ಗುರುತಿಲ್ಲದ ಕಥೆಗೆ ಹಣ ಕೊಡಬೇಕಾಗಿಲ್ಲ.

ಬ್ಯಾಡ್ಜ್ ಏಕೆ ದುರ್ಬಲ? ಅದು ಎಷ್ಟೋ ಸಲ ಮಾರಿದವನ ಹೆಸರು, ಮಾಡಿದವನದ್ದಲ್ಲ. ಇದಕ್ಕೆ ಜಪಾನಿನ ಉದಾಹರಣೆಯೇ ಸಾಕು. ಕತ್ಸುಮಿ ಯಾನಗಿಸಾವ ಎಂಬಾತ 1946ರಲ್ಲಿ ಟೋಕಿಯೊದಲ್ಲಿ ಸಂಗೀತದ ಹಾಳೆ ಇಡುವ ಸ್ಟ್ಯಾಂಡುಗಳನ್ನು ಮಾಡಲು ಶುರುಮಾಡಿ, 1950ರ ಹೊತ್ತಿಗೆ ಡ್ರಮ್ಮಿಗೆ ಕೈಹಾಕಿದ. ಅದೇ ಇಂದಿನ ಪರ್ಲ್ ಕಂಪನಿ. 1960ರ ದಶಕದಲ್ಲಿ ಅಮೆರಿಕ, ಯುರೋಪುಗಳಲ್ಲಿ ರಾಕ್ ಸಂಗೀತದ ಅಲೆ ಎದ್ದು ಹುಡುಗರೆಲ್ಲ ಡ್ರಮ್ ಬೇಕೆಂದಾಗ, ಅಗ್ಗದ ಸೆಟ್ಟುಗಳನ್ನು ಹಡಗುಗಟ್ಟಲೆ ಕಳಿಸಿದ್ದು ಪರ್ಲ್ ಮತ್ತು ಹೊಶಿನೊದಂಥ ಜಪಾನಿ ಕಾರ್ಖಾನೆಗಳು. ಒಂದೇ ಕಾರ್ಖಾನೆಯ ಒಂದೇ ಡ್ರಮ್ಮಿಗೆ ಆಯಾ ದೇಶದ ಅಂಗಡಿಯವನು ಕೇಳಿದ ಹೆಸರಿನ ತಗಡು ಬಡಿದು ಕಳಿಸಲಾಗುತ್ತಿತ್ತು. ಮ್ಯಾಕ್ಸ್‌ವಿನ್, ಸ್ಟುವರ್ಟ್, ಅಪೊಲೊ ಎಂದೆಲ್ಲ ಹೆಸರುಗಳು. ಒಳಗೆ ಒಂದೇ ಮರ, ತೊಗಲು ಬಿಗಿಯುವ ಸ್ಕ್ರೂ ಕೂರುವ ಲೋಹದ ಲಗ್ಗೂ ಒಂದೇ. ಹೀಗಾಗಿ ‘ಸ್ಟುವರ್ಟ್’ ಎಂಬ ಇಂಗ್ಲಿಷ್ ಹೆಸರು ಕಂಡು ಇಂಗ್ಲೆಂಡಿನ ಸೆಟ್ ಎಂದುಕೊಂಡವನು ಕೊಂಡದ್ದು ಜಪಾನಿನದಾಗಿರುತ್ತದೆ. ಇದರ ಮೇಲೆ ಇನ್ನೊಂದು ಸಂಗತಿ: ಬ್ಯಾಡ್ಜನ್ನು ಹಿಡಿದಿರುವುದು ಎರಡು ಸಣ್ಣ ಮೊಳೆ, ಇಲ್ಲವೇ ಗಾಳಿ ಹೋಗಲು ಬಿಟ್ಟ ತೂತಿನ ಹಿತ್ತಾಳೆ ಬಳೆ. ತೆಗೆಯುವುದೂ ಹಾಕುವುದೂ ಹತ್ತು ನಿಮಿಷದ ಕೆಲಸ.

‘ಸೀರಿಯಲ್ ನಂಬರ್ ಇದೆಯಲ್ಲ, ಅದು ಸುಳ್ಳಾಡುತ್ತದೆಯೇ?’ ಎಂದು ಕೇಳಬಹುದು. ಸುಳ್ಳಾಡುವುದಿಲ್ಲ, ಆದರೆ ಪೂರ್ತಿ ಹೇಳುವುದೂ ಇಲ್ಲ. ಷಿಕಾಗೊದಲ್ಲಿ 1909ರಲ್ಲಿ ಲುಡ್ವಿಗ್ ಸಹೋದರರು ಆರಂಭಿಸಿದ ಕಂಪನಿಯ ಡ್ರಮ್ಮುಗಳು ಜಗತ್ತಿನಲ್ಲೇ ಹೆಚ್ಚು ಅಧ್ಯಯನಗೊಂಡವು. ಅವುಗಳ ಬ್ಯಾಡ್ಜಿನ ಮೇಲೆ ಕ್ರಮಸಂಖ್ಯೆ ಬರತೊಡಗಿದ್ದೇ 1963ರ ಕೊನೆಯಲ್ಲಿ. ಬಂದ ಮೇಲೂ ಸಂಖ್ಯೆಗಳು ಸಾಲಾಗಿ ಬಳಕೆಯಾಗಲಿಲ್ಲ. ಕೆಲಸಗಾರನ ಕೈ ಡಬ್ಬಿಯೊಳಗೆ ಹೋಗಿ ಯಾವುದು ಸಿಕ್ಕಿತೋ ಅದನ್ನು ಬಡಿದ. ಒಂದೇ ಸೆಟ್ಟಿನ ಮೂರು ಡ್ರಮ್ಮುಗಳಲ್ಲಿ ದೂರದೂರದ ಸಂಖ್ಯೆಗಳಿದ್ದರೂ ಅವು ಒಟ್ಟಿಗೇ ಹುಟ್ಟಿದವೇ ಆಗಿರಬಹುದು. ಹಾಗಾಗಿ ಲುಡ್ವಿಗ್ ಡ್ರಮ್ ಕಾಲ ನಿರ್ಣಯಿಸುವವರು ಬ್ಯಾಡ್ಜ್ ನೋಡಿದ ಮೇಲೆ ತೊಗಲು ಬಿಚ್ಚಿ, ಒಳಗೋಡೆಯ ಮೇಲೆ ಕೆಂಪು ಶಾಯಿಯ ತಾರೀಖಿನ ಮುದ್ರೆ ಇದೆಯೇ, ಒಳಗಿನ ಬಣ್ಣ ಬಿಳಿಯದೋ ಬೂದು ಚುಕ್ಕಿಯದೋ ಎಂದು ನೋಡುತ್ತಾರೆ. ಬೀಟಲ್ಸ್ ತಂಡದ ರಿಂಗೊ ಸ್ಟಾರ್ 1963ರಲ್ಲಿ ಲುಡ್ವಿಗ್ ಸೆಟ್ ಕೊಂಡು, 1964ರಲ್ಲಿ ಅಮೆರಿಕದ ಟೀವಿಯಲ್ಲಿ ಅದನ್ನು ಬಾರಿಸಿದ ಮೇಲೆ ಆ ಹೆಸರಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಬೇಡಿಕೆ ಬಂದ ಹೆಸರಿಗೆ ನಕಲು ಬರುವುದು ಎಲ್ಲ ಕಾಲದ ನಿಯಮ.

ಹೆಸರಿಗೂ ಹುಟ್ಟೂರಿಗೂ ಇರುವ ನಂಟು ಏನೆಂದು ಚನ್ನಪಟ್ಟಣದವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅವರ ಅರಗಿನ ಬಣ್ಣದ ಬೊಂಬೆಗಳ ಹೆಸರಿನಲ್ಲಿ ಎಲ್ಲೆಲ್ಲಿಯದೋ ಆಟಿಕೆಗಳು ಮಾರಾಟವಾಗುತ್ತಿದ್ದಾಗ, 2006ರಲ್ಲಿ ಚನ್ನಪಟ್ಟಣದ ಬೊಂಬೆಗಳಿಗೆ ಭೌಗೋಳಿಕ ಗುರುತು ನೋಂದಣಿಯಾಯಿತು. ಅಲ್ಲಿ ಕಾನೂನು ಕಾಯುವುದು ವಸ್ತು ಎಲ್ಲಿ, ಹೇಗೆ ತಯಾರಾಯಿತು ಎಂಬುದನ್ನು. ಡ್ರಮ್ಮಿನ ಬ್ಯಾಡ್ಜ್ ಅಂಥ ಯಾವ ಭರವಸೆಯನ್ನೂ ಕೊಡುವುದಿಲ್ಲ. ಇನ್ನೂ ಗಮನಿಸಬೇಕಾದದ್ದು, ಬೊಂಬೆಯ ನಿಜವಾದ ಪರೀಕ್ಷೆಯೂ ಚೀಟಿಯಲ್ಲಿಲ್ಲ ಎಂಬುದು. ಹಗುರವಾದ ಬಿಳಿಯ ಆಲೆ ಮರ, ಲೇತಿನ ಮೇಲೆ ತಿರುಗುವಾಗ ಉಳಿಯ ಮೊನೆ ಬಿಟ್ಟ ಸೂಕ್ಷ್ಮ ಸುತ್ತುಗೆರೆ, ತಿಕ್ಕಾಟದ ಬಿಸಿಗೇ ಕರಗಿ ಮರಕ್ಕೆ ಹತ್ತಿಕೊಂಡ ಅರಗು, ತಾಳೆಗರಿ ಒತ್ತಿ ತಂದ ಹೊಳಪು. ಕುಂಚದಲ್ಲಿ ಬಳಿದ ಬಣ್ಣದ ಗೊಂಬೆಯನ್ನು ಕಸುಬುದಾರ ಬೆರಳಾಡಿಸಿಯೇ ಪಕ್ಕಕ್ಕಿಡುತ್ತಾನೆ. ಡ್ರಮ್ಮಿಗೂ ಈ ಕ್ರಮವೇ ಬೇಕು: ಮೊದಲು ಮರ, ಆಮೇಲೆ ಉಪಕರಣದ ಗುರುತು, ಆಮೇಲೆ ಹೊದಿಕೆ, ಹೆಸರು ಕೊನೆಗೆ.

ಹಾಗಾದರೆ ಮೇಲಿನ ತೊಗಲು ಬಿಚ್ಚಿ, ಟಾರ್ಚ್ ಹಿಡಿದು ಒಳಗೆ ನೋಡೋಣ. ಡ್ರಮ್ಮಿನ ಒಡಲು, ಬಾರಿಸುವವರ ಮಾತಿನಲ್ಲಿ ಶೆಲ್, ಸಾಮಾನ್ಯವಾಗಿ ತೆಳುಮರದ ಹಾಳೆಗಳನ್ನು ಅಂಟಿಸಿ ಬಗ್ಗಿಸಿದ ಪ್ಲೈವುಡ್. ಅಂಚನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಪದರಗಳನ್ನು ಎಣಿಸಬಹುದು. 1960ರ ದಶಕದ ಜಪಾನಿ ಅಗ್ಗದ ಸೆಟ್ಟುಗಳಲ್ಲಿ ಹೆಚ್ಚಾಗಿ ಕಾಣುವುದು ಆಗ್ನೇಯ ಏಷ್ಯಾದ ಲುವಾನ್ ಮರ: ಕೆಂಪುಮಿಶ್ರಿತ ಕಂದು, ದೊಡ್ಡ ದೊಡ್ಡ ರಂಧ್ರದ ಒರಟು ಎಳೆ, ಹಗುರ, ಮೂರೇ ಪದರ. ತೆಳ್ಳಗಿನ ಒಡಲು ಆಕಾರ ಕೆಡದಂತೆ ಮೇಲೆ ಕೆಳಗೆ ಒಳಬಳೆಗಳು ಇರುತ್ತವೆ. ಇಂಗ್ಲೆಂಡಿನ ಪ್ರೀಮಿಯರ್ ಕಂಪನಿಯ ಹಳೆಯ ಡ್ರಮ್ಮಿನಲ್ಲಿಯೂ ಒಳಬಳೆ ಉಂಟು, ಆದರೆ ಅಲ್ಲಿ ಬರ್ಚ್ ಮರದ ತಿಳಿಬಣ್ಣ, ನುಣುಪು ಎಳೆ, ಮತ್ತು ಬಳೆಯ ಕೂಡುಗೆಯಲ್ಲಿ ಉಗುರು ಸಿಕ್ಕದಷ್ಟು ಅಚ್ಚುಕಟ್ಟು. ನಮ್ಮ ದೇಶದಲ್ಲಿ ಮಾಡಿದ ಸೆಟ್ಟುಗಳಲ್ಲಿ ಕಟ್ಟಡದ ಬಾಗಿಲಿಗೆ, ಮೇಜಿಗೆ ಬಳಸುವಂಥ ಪ್ಲೈವುಡ್ಡೇ ಬಗ್ಗಿ ಬಂದಿರುತ್ತದೆ. ಕೂಡುವಲ್ಲಿ ಎರಡು ತುದಿ ಎದುರುಬದುರಾಗಿ ನಿಂತು, ಸಂದಿಗೆ ಪುಟ್ಟಿ ತುಂಬಿರುತ್ತಾರೆ, ಕೆಲವೊಮ್ಮೆ ಒಳಗಿನಿಂದ ಪಟ್ಟಿ ಹೊಡೆದಿರುತ್ತಾರೆ. ತೊಗಲು ಕೂರುವ ಅಂಚನ್ನು ಯಂತ್ರದಲ್ಲಿ ಇಳಿಜಾರಾಗಿ ಕೊರೆದಿದ್ದಾರೆಯೇ, ಅರದಲ್ಲಿ ಉಜ್ಜಿದ್ದಾರೆಯೇ ಎಂಬುದೂ ಬೆರಳಿಗೆ ತಿಳಿಯುತ್ತದೆ. ಒಂದು ಸಲ ಸುತ್ತ ಬೆರಳಾಡಿಸಿ ಏರುತಗ್ಗು ಸಿಕ್ಕರೆ ಅದು ಕೈಕೆಲಸ. ಮರದ ಜಾತಿ ತಿಳಿಯದಿದ್ದರೆ ಚನ್ನಪಟ್ಟಣದ ಲೇತ್ ಕೆಲಸಗಾರರನ್ನು ಕೇಳುವುದು ಕಂಪ್ಯೂಟರಿನಲ್ಲಿ ಚಿತ್ರ ಹುಡುಕುವುದಕ್ಕಿಂತ ಮೇಲು. ಅದರ ಹೆಸರು ಗೊತ್ತಿಲ್ಲದಿದ್ದರೂ ಇದು ಈ ಕಡೆಯ ಮರ ಹೌದೋ ಅಲ್ಲವೋ ಎಂದು ಅವರು ಹೇಳಬಲ್ಲರು, ಮತ್ತು ನಮಗೆ ಬೇಕಾದದ್ದು ಮೊದಲಿಗೆ ಅಷ್ಟೇ.

ಎರಡನೆಯದು ತೂತುಗಳು. ನನ್ನ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಅತ್ಯಂತ ಮಾತಾಡುವ ಸಾಕ್ಷಿ ಇದು. ಕಾರ್ಖಾನೆಯ ತೂತು ಅಳತೆಯ ಚೌಕಟ್ಟಿಟ್ಟು ಕೊರೆದದ್ದು. ಎಲ್ಲ ಲಗ್ಗುಗಳ ನಡುವೆ ಸಮದೂರ, ಒಳಬದಿಯಲ್ಲೂ ಶುದ್ಧ ಅಂಚು. ಆಮೇಲೆ ಕೊರೆದ ತೂತಿನ ಒಳಬದಿಯಲ್ಲಿ ಮರ ಸಿಬಿರೆದ್ದಿರುತ್ತದೆ, ಹೊರಗಿನ ಹೊದಿಕೆ ಕೂದಲೆಳೆಯ ಬಿರುಕು ಬಿಟ್ಟಿರುತ್ತದೆ. ಬೇಸ್ ಡ್ರಮ್ಮಿನಲ್ಲಿ ಈಗಿನ ಯಾವ ಉಪಕರಣಕ್ಕೂ ಸಂಬಂಧವಿಲ್ಲದ ತೂತುಗಳು ಎರಡು ಪಕ್ಕದಲ್ಲಿ ಕಂಡರೆ, ಅದು ಹೆಗಲ ಪಟ್ಟಿಗೆ ಕೊಂಡಿ ಸಿಕ್ಕಿಸಿದ ಜಾಗ ಇರಬಹುದು. ಅಂದರೆ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನ ದೊಡ್ಡ ಡ್ರಮ್ಮು ಕಾಲು, ಪೆಡಲ್ ಹಚ್ಚಿಸಿಕೊಂಡು ಆರ್ಕೆಸ್ಟ್ರಾಕ್ಕೆ ಬಡ್ತಿ ಪಡೆದಿದೆ. ಆಳ ಅಳೆದರೆ ಅನುಮಾನ ಗಟ್ಟಿಯಾಗುತ್ತದೆ: ಹೊತ್ತು ನಡೆಯುವ ಡ್ರಮ್ಮು ಎದೆಗಾನಿಸಲು ಅನುಕೂಲವಾಗುವಂತೆ ಸಾಮಾನ್ಯವಾಗಿ ಅಗಲ ಹೆಚ್ಚು, ಆಳ ಕಡಿಮೆ. ಪುಟ್ಟಿ, ಎಂ-ಸೀಲ್ ಮೆತ್ತಿ ಮುಚ್ಚಿದ ತೂತುಗಳನ್ನೂ ಬಿಡಬಾರದು. ಟಾಮ್ ಎಂಬ ಸಣ್ಣ ಡ್ರಮ್ಮನ್ನು ಬೇಸ್ ಮೇಲೆ ನಿಲ್ಲಿಸುವ ಕೊಂಡಿಯ ನಮೂನೆ ಕಂಪನಿಯಿಂದ ಕಂಪನಿಗೆ ಬೇರೆ. ಕೊಂಡಿ ಹೋಗಿದ್ದರೂ ಅದರ ನಾಲ್ಕು ಸ್ಕ್ರೂಗಳ ತೂತಿನ ವಿನ್ಯಾಸ ಉಳಿದಿದ್ದರೆ, ಹಳೆಯ ಕ್ಯಾಟಲಾಗಿನ ಚಿತ್ರದ ಜೊತೆ ಇಟ್ಟು ನೋಡಬಹುದು. ಬ್ಯಾಡ್ಜನ್ನು ಬದಲಿಸುವವನು ಒಡಲಿನ ತೂತುಗಳನ್ನು ಬದಲಿಸಲಾರ.

ಹೊದಿಕೆಯೂ ಮಾತಾಡುತ್ತದೆ. ಮುತ್ತಿನ ಹೊಳಪಿನ, ಮಿನುಗು ಚೂರುಗಳ ಹಳೆಯ ಹೊದಿಕೆಗಳು ಬಹಳ ಕಾಲ ಸೆಲ್ಯುಲಾಯ್ಡ್‌ನವು. ಸೆಲ್ಯುಲಾಯ್ಡ್ ತಯಾರಿಗೆ ಕರ್ಪೂರ ಬೇಕು. ಹಾಗಾಗಿ ಹಳೆಯ ಹೊದಿಕೆಯನ್ನು ಬಟ್ಟೆಯಿಂದ ಜೋರಾಗಿ ಉಜ್ಜಿ ಮೂಗಿಗೆ ಹಿಡಿದರೆ ಕೆಲವೊಮ್ಮೆ ಮಂಗಳಾರತಿಯ ತಟ್ಟೆಯ ವಾಸನೆ ಸುಳಿಯುತ್ತದೆ. ಕರ್ಪೂರವೆಂದು ಬೆಂಕಿಕಡ್ಡಿ ಗೀರಬೇಡಿ, ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುತ್ತದೆ. ನಂತರದ ಹೊದಿಕೆಗಳು ಬೇರೆ ಪ್ಲಾಸ್ಟಿಕ್ಕಿನವು, ಆ ವಾಸನೆ ಬರುವುದಿಲ್ಲ. ಒಂದು ಲಗ್ಗನ್ನು ಬಿಚ್ಚಿ ಅದರ ಅಡಿಯ ಬಣ್ಣ ನೋಡಿದರೆ ಬಿಸಿಲು ಕಾಣದ ಮೂಲ ಬಣ್ಣ ಸಿಗುತ್ತದೆ. ಸುತ್ತಲಿನದು ಹಳದಿಗಟ್ಟಿ ಅಡಿಯದು ಅಚ್ಚ ಬಿಳಿಯಾಗಿದ್ದರೆ ಲಗ್ಗೂ ಹೊದಿಕೆಯೂ ಬಹುಕಾಲ ಜೊತೆಯಲ್ಲೇ ಇದ್ದವು. ಅಡಿಯಲ್ಲಿ ಬೇರೆ ಆಕಾರದ ನೆರಳು ಕಂಡರೆ ಮೊದಲಿದ್ದ ಲಗ್ಗು ಬೇರೆ. ಅಲ್ಲಿ ಹೊದಿಕೆಯ ಕೆಳಗೆ ಇನ್ನೊಂದು ಹೊದಿಕೆಯ ಅಂಚು ಇಣುಕಿದರಂತೂ ಎರಡು ಕಾಲದ ಕಥೆ ಒಂದೇ ಡ್ರಮ್ಮಿನಲ್ಲಿದೆ.

ಲೋಹದ ಭಾಗಗಳಿಂದ ಸಿಗುವುದು ಹೆಚ್ಚಾಗಿ ‘ಇದಕ್ಕಿಂತ ಮುಂಚಿನದಲ್ಲ’ ಎಂಬ ತೀರ್ಪು. ನಾಲ್ಕುಮೂಲೆಯ ಫಿಲಿಪ್ಸ್ ಸ್ಕ್ರೂ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1936ರಲ್ಲಿ. ಪ್ಲಾಸ್ಟಿಕ್ ತೊಗಲು ವ್ಯಾಪಾರಕ್ಕೆ ಬಂದದ್ದು 1956-57ರಲ್ಲಿ, ಅಮೆರಿಕದ ಚಿಕ್ ಇವಾನ್ಸ್ ಮತ್ತು ರೆಮೊ ಬೆಲ್ಲಿಯವರಿಂದ. ಅದಕ್ಕೆ ಮುಂಚೆ ಎಲ್ಲೆಲ್ಲೂ ಕರುವಿನ ಚರ್ಮ. ತೊಗಲು ಸವೆದಾಗ ಬದಲಿಸುವ ವಸ್ತುವಾದ್ದರಿಂದ ಪ್ಲಾಸ್ಟಿಕ್ ಇದ್ದ ಮಾತ್ರಕ್ಕೆ ಒಡಲು ಹೊಸದೆನ್ನಲಾಗದು. ಆದರೆ ಚರ್ಮದ ತೊಗಲಿಗೆ ಅದನ್ನು ಸುತ್ತಿ ಸಿಕ್ಕಿಸುವ ಬಳೆ ಬೇಕಿತ್ತು, ಅದಕ್ಕೆ ಒಡಲಿನ ಸುತ್ತ ಜಾಗ ಬೇಕಿತ್ತು ಎಂಬುದು ನೆನಪಿರಲಿ. ಅಳತೆಟೇಪೂ ದೊಡ್ಡ ಸಾಕ್ಷಿ. ಪ್ರೀಮಿಯರ್ ಕಂಪನಿ 1960ರ ದಶಕದ ಕೊನೆಯವರೆಗೆ ತನ್ನ ಕೆಲವು ಡ್ರಮ್ಮುಗಳನ್ನು ಹೆಸರಿಗಿಂತ ತುಸು ದೊಡ್ಡದಾಗಿ ಮಾಡುತ್ತಿತ್ತು. 14 ಇಂಚೆಂದು ಕರೆಯುವ ಟಾಮ್‌ಗೆ ಇಂದು ಅಂಗಡಿಯಲ್ಲಿ ಸಿಗುವ 14 ಇಂಚಿನ ತೊಗಲು ಕೂರುವುದಿಲ್ಲ. ಗುಜರಿಯವನು ‘ಅಳತೆ ಕೆಟ್ಟ ಡ್ರಮ್’ ಎಂದು ಪಕ್ಕಕ್ಕೆ ತಳ್ಳಿದ್ದು ಅದೇ ಕಾರಣಕ್ಕೆ ಅಸಲಿ ಇಂಗ್ಲಿಷ್ ಡ್ರಮ್ ಆಗಿರುವ ಸಾಧ್ಯತೆ ಇದೆ. ಇನ್ನು ಬಿಗಿಯುವ ಸ್ಕ್ರೂವಿನ ಮರೆ, ಅಂದರೆ ಅದರ ಸುತ್ತುಗೆರೆ: ಜರ್ಮನಿಯ ಸೋನರ್ ಡ್ರಮ್ಮುಗಳದು ಮಿಲಿಮೀಟರ್ ಲೆಕ್ಕ, ಅಮೆರಿಕದವುಗಳದು ಇಂಚಿನ ಲೆಕ್ಕ. ಒಂದರ ಸ್ಕ್ರೂ ಇನ್ನೊಂದರಲ್ಲಿ ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಬಲವಂತ ಮಾಡಿದವರು ಸಾಕ್ಷಿಯನ್ನೂ ಡ್ರಮ್ಮನ್ನೂ ಒಟ್ಟಿಗೆ ಹಾಳುಮಾಡುತ್ತಾರೆ.

ಶಬ್ದ ಕೇಳಿಯೇ ಹೇಳಬಹುದೆಂಬ ಜಾಣರೂ ಇದ್ದಾರೆ. ಡ್ರಮ್ಮಿನ ವಿಷಯದಲ್ಲಿ ಅದು ನಡೆಯದು. ತೊಗಲು ಮತ್ತು ಬಿಗಿತ ಬದಲಾದರೆ ಅದೇ ಡ್ರಮ್ಮು ಬೇರೆಯದೇ ಆಗಿ ಕೇಳಿಸುತ್ತದೆ. ಸಿಂಬಲ್‌ಗೆ ಮಾತ್ರ ಈ ಮಾತು ಒಪ್ಪುತ್ತದೆ. ಒಳ್ಳೆಯ ಸಿಂಬಲ್ ನೂರಕ್ಕೆ ಎಂಬತ್ತು ಭಾಗ ತಾಮ್ರ, ಇಪ್ಪತ್ತು ಭಾಗ ತವರದ ಕಂಚು. ನಮ್ಮ ಜಾಗಟೆ, ತಾಳಗಳ ಕಂಚಿಗೆ ಹತ್ತಿರದ ಲೋಹ. ಅಗ್ಗದ್ದು ಹಿತ್ತಾಳೆ ತಗಡು. ಕಂಸಾಳೆಯ ನಾದ ಕೇಳಿ ಬೆಳೆದವರ ಕಿವಿಗೆ ಹಿತ್ತಾಳೆಯ ಮೊಂಡು ಸದ್ದು ಒಂದೇ ಏಟಿಗೆ ಗೊತ್ತಾಗುತ್ತದೆ. ಜಿಲ್ಜಿಯನ್ ಕಂಪನಿಯ ಮುದ್ರೆಯಿದ್ದರೆ ಆ ಮುದ್ರೆಯ ಅಕ್ಷರಗಳ ಅಳತೆಯಿಂದಲೇ ದಶಕವನ್ನು ಅಂದಾಜಿಸುವವರಿದ್ದಾರೆ; ‘ಜಿನ್’ ಮುದ್ರೆಯಿದ್ದರೆ ಅದು ಪ್ರೀಮಿಯರ್ ಬಳಗದ್ದು. ಆದರೆ ಸಿಂಬಲ್ ಸೆಟ್ಟಿನಿಂದ ಸೆಟ್ಟಿಗೆ ಓಡಾಡುವ ವಸ್ತು. ಅದರ ಮೂಲ ಸಿಕ್ಕಿತೆಂದು ಡ್ರಮ್ಮಿನ ಮೂಲ ಸಿಕ್ಕಿತೆನ್ನಬಾರದು.

ಈ ವಸ್ತುಸಾಕ್ಷಿಗಳಿಗೆ ದೇಶದ ಚರಿತ್ರೆಯನ್ನೂ ಸೇರಿಸಿಕೊಳ್ಳಬೇಕು. ಸ್ವಾತಂತ್ರ್ಯಾನಂತರ, ಅದರಲ್ಲೂ 1950ರ ದಶಕದ ಕೊನೆಯ ವಿದೇಶಿ ವಿನಿಮಯದ ಬಿಕ್ಕಟ್ಟಿನ ಮೇಲೆ, ಭಾರತದಲ್ಲಿ ಆಮದಿಗೆ ಪರವಾನಗಿ ಬೇಕಿತ್ತು, ಸುಂಕ ವಿಪರೀತವಿತ್ತು. 1991ರ ಉದಾರೀಕರಣದ ನಂತರವೂ ಬಳಕೆ ವಸ್ತುಗಳ ಆಮದಿನ ಪರಿಮಾಣದ ಮಿತಿಗಳು ಪೂರ್ತಿ ಹೋದದ್ದು 2001ರ ಏಪ್ರಿಲಿನಲ್ಲಿ. ಹಾಗಾಗಿ ಆ ನಡುವಣ ದಶಕಗಳಲ್ಲಿ ಕನಕಪುರದ ಒಂದು ಆರ್ಕೆಸ್ಟ್ರಾ ಅಂಗಡಿಗೆ ಹೋಗಿ ಹೊಸ ವಿದೇಶಿ ಸೆಟ್ ಕೊಂಡಿತೆಂದರೆ ನಂಬುವುದು ಕಷ್ಟ. ವಿದೇಶಿ ಡ್ರಮ್ ಬಂದಿದ್ದರೆ ಬಹುಮಟ್ಟಿಗೆ ಎರಡನೆಯ ಕೈಯಿಂದಲೇ ಬಂದಿರಬೇಕು: ಬೆಂಗಳೂರು ದಂಡಿನ ಕಡೆಯ ಕ್ಲಬ್ಬು, ಹೋಟೆಲು, ಚರ್ಚು, ಸೇನೆಯ ಬ್ಯಾಂಡು, ಇಲ್ಲವೇ ಹೊರದೇಶದಿಂದ ಮರಳಿದವರ ಸಾಮಾನು. ದೇಶೀ ಸರಕಿಗೆ ಮಾತ್ರ ಕೊರತೆಯಿರಲಿಲ್ಲ. ಉತ್ತರ ಪ್ರದೇಶದ ಮೀರತ್ ನಗರದ ಜಾಲಿ ಕೋಠಿ ಎಂಬ ಕೇರಿಯಲ್ಲಿ ಬ್ರಿಟಿಷ್ ಸೇನೆಯ ಬ್ಯಾಂಡುಗಳ ಕಾಲದಿಂದ ವಾದ್ಯ ತಯಾರಿಕೆ ನಡೆದಿದೆ; ಅಲ್ಲಿನ ನಾದಿರ್ ಅಲಿ ಕಂಪನಿ ಶುರುವಾದದ್ದು 1885ರಲ್ಲಿ. ದೇಶದ ಮದುವೆ ಬ್ಯಾಂಡುಗಳ ತುತ್ತೂರಿ, ಡ್ರಮ್ಮುಗಳ ಬಹುಪಾಲು ಅಲ್ಲಿಂದಲೇ ಬಂದದ್ದು. ಈ ಲೆಕ್ಕ ಹಿಡಿದರೆ, ನಮ್ಮ ನಾಲ್ಕು ಊರುಗಳ ಗುಜರಿಯಲ್ಲಿ ಸಿಗುವ ಹಳೆಯ ಸೆಟ್ ದೇಶೀಯದು ಎಂದೇ ಮೊದಲು ಊಹಿಸಬೇಕು. ವಿದೇಶಿ ಎಂದು ಸಾಧಿಸುವ ಹೊರೆ ಹಾಗೆ ಹೇಳುವವನ ಮೇಲಿದೆ.

‘ಫೋನಿನಲ್ಲಿ ಹುಡುಕಿದರೆ ಇದೇ ಥರದ್ದು ಇಂಗ್ಲೆಂಡಿನಲ್ಲಿದೆ, ಲಗ್ಗಿನ ಆಕಾರವೂ ಒಂದೇ’ ಎಂಬ ಆಕ್ಷೇಪ ಇಲ್ಲಿ ಬಂದೇ ಬರುತ್ತದೆ. ಇದನ್ನು ತಳ್ಳಿಹಾಕುವಂತಿಲ್ಲ, ಹೋಲಿಕೆಯೂ ಸಾಕ್ಷಿಯೇ. ಆದರೆ ಆಮದು ಬಾಗಿಲು ಮುಚ್ಚಿದ್ದ ದೇಶದಲ್ಲಿ ತಯಾರಕ ಮಾಡುತ್ತಿದ್ದದ್ದು ಏನು? ಕೈಗೆ ಸಿಕ್ಕ ಒಂದು ವಿದೇಶಿ ಡ್ರಮ್ಮನ್ನು ಎದುರಿಗಿಟ್ಟುಕೊಂಡು ಅದರ ಲಗ್ಗನ್ನು ಅಚ್ಚು ತೆಗೆದು ಎರಕ ಹೊಯ್ಯುವುದು. ಎರಕದ ಲೋಹ ಆರಿದಾಗ ಕುಗ್ಗುವುದರಿಂದ ನಕಲಿನ ಲಗ್ಗು ಅಸಲಿಗಿಂತ ಕೂದಲಷ್ಟು ಸಣ್ಣ, ಅಂಚುಗಳು ಮೊಂಡು, ಬೆನ್ನಿನಲ್ಲಿ ಮರಳಿನ ಒರಟು. ಹೊರಗಿನ ಆಕಾರವನ್ನು ನಕಲು ಮಾಡುತ್ತಾರೆ, ಏಕೆಂದರೆ ಗಿರಾಕಿ ನೋಡುವುದು ಅದನ್ನೇ. ಲಗ್ಗಿನ ಬೆನ್ನು, ಒಡಲಿನ ಒಳಗೋಡೆ, ಸ್ಕ್ರೂವಿನ ಮರೆಯನ್ನು ಯಾರೂ ನಕಲು ಮಾಡುವ ಗೋಜಿಗೆ ಹೋಗುವುದಿಲ್ಲ. ಫೋನಿನ ಚಿತ್ರ ತೋರಿಸುವುದು ಸುಲಭವಾಗಿ ನಕಲಾಗುವ ಭಾಗವನ್ನು ಮಾತ್ರ.

ಇನ್ನು ಬೇಸ್ ಡ್ರಮ್ಮಿನ ಮುಂಭಾಗದ ತೊಗಲಿಗೆ ಬರೋಣ. ವಿದೇಶದ ಸಂಗ್ರಾಹಕರಿಗೆ ಇದರಲ್ಲಿ ಆಸಕ್ತಿ ಕಡಿಮೆ, ನಮಗೆ ಇದೇ ಶಾಸನ. ನಮ್ಮ ಕಡೆಯ ವಾದ್ಯವೃಂದಗಳು ಆ ದುಂಡು ತೊಗಲಿನ ಮೇಲೆ ಬೋರ್ಡ್ ಬರೆಯುವವರಿಂದ ತಂಡದ ಹೆಸರು, ಊರು, ತಾಲ್ಲೂಕು, ಜಿಲ್ಲೆ, ಫೋನ್ ನಂಬರ್ ಬರೆಸುತ್ತಿದ್ದವು. ಈ ಸೀಮೆಯ ಜಿಲ್ಲೆಯ ಹೆಸರು ಬದಲಾಗುತ್ತ ಬಂದಿರುವುದು ಕಾಲ ಗುರುತಿಸುವವರಿಗೆ ವರದಾನ. ‘ಮೈಸೂರು ರಾಜ್ಯ’ ಎಂದಿದ್ದರೆ ಬರಹ 1973ರ ನವೆಂಬರ್ 1ಕ್ಕೆ ಮುಂಚಿನದಿರಬೇಕು. ಬರಿಯ ‘ಬೆಂಗಳೂರು ಜಿಲ್ಲೆ’ ಎಂದಿದ್ದರೆ 1986ಕ್ಕೆ ಹಿಂದಿನದು ಎನ್ನಬಹುದು, ಏಕೆಂದರೆ ಆ ವರ್ಷ ಜಿಲ್ಲೆ ಒಡೆದು ಈ ನಾಲ್ಕೂ ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರಕ್ಕೆ ಸೇರಿದವು. ‘ಬೆಂ. ಗ್ರಾ. ಜಿಲ್ಲೆ’ ಎಂದಿದ್ದರೆ 1986ರಿಂದ 2007ರ ನಡುವೆ. ‘ರಾಮನಗರ ಜಿಲ್ಲೆ’ ಎಂದಿದ್ದರೆ 2007ರಲ್ಲಿ ಹೊಸ ಜಿಲ್ಲೆಯಾದ ಮೇಲೆ. 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಿಸಲು ಸರ್ಕಾರ ತೀರ್ಮಾನಿಸಿದ್ದರಿಂದ ಅದಕ್ಕೂ ಒಂದು ಗಡಿ ಸಿಕ್ಕಂತಾಯಿತು. ಒಳಗೆ ಅಂಟಿಸಿದ ಅಂಗಡಿ ಚೀಟಿಯಲ್ಲಿ ‘ಬೆಂಗಳೂರು-2’ ಎಂದಷ್ಟೇ ಇದ್ದರೆ ಅದು ಹಳೆಯ ಅಂಚೆ ವಲಯದ ರೂಢಿ. 560ರಿಂದ ಶುರುವಾಗುವ ಆರಂಕಿಯಿದ್ದರೆ ಪಿನ್ ಕೋಡ್ ಜಾರಿಗೆ ಬಂದ 1972ರ ಆಗಸ್ಟ್ 15ರ ಈಚಿನದು. ಹತ್ತಂಕಿಯ ಮೊಬೈಲ್ ನಂಬರಿದ್ದರೆ ಬರಹ 1995ಕ್ಕಿಂತ ಹಿಂದೆ ಹೋಗುವಂತಿಲ್ಲ. ಹಳೆಯ ರೂಢಿ ಕೆಲವು ವರ್ಷ ಮುಂದುವರಿಯುವುದರಿಂದ ‘ಮುಂಚಿನದು’ ಎಂಬ ತೀರ್ಪನ್ನು ಸ್ವಲ್ಪ ಸಡಿಲವಾಗಿಯೂ, ‘ಈಚಿನದು’ ಎಂಬುದನ್ನು ಬಿಗಿಯಾಗಿಯೂ ಹಿಡಿಯಬೇಕು. ಹೊಸ ಹೆಸರನ್ನು ಅದು ಹುಟ್ಟುವ ಮೊದಲೇ ಬರೆಯಲು ಯಾವ ಬೋರ್ಡ್ ಬರೆಯುವವನಿಗೂ ಸಾಧ್ಯವಿಲ್ಲ.

ಈ ಬರಹ ಹೇಳುವುದು ತೊಗಲಿನ ಕಾಲವನ್ನು, ಡ್ರಮ್ಮಿನದ್ದಲ್ಲವಲ್ಲ ಎಂದರೆ, ಹೌದು. ಒಡಲು ಒಂದು ಕಡೆಯದು, ಲಗ್ಗು ಇನ್ನೊಂದು ಕಡೆಯದು, ಸಿಂಬಲ್ ಮತ್ತೊಂದರದು, ಬರಹ ಮಾಗಡಿಯದು ಎಂದಾದರೆ ಮೂಲವೆಂಬುದೇ ಇಲ್ಲವಾಯಿತಲ್ಲ ಎಂಬ ಗಂಭೀರ ಆಕ್ಷೇಪವೂ ಇದರಿಂದಲೇ ಹುಟ್ಟುತ್ತದೆ. ಆದರೆ ಭಾಗಗಳಿಗೆಲ್ಲ ಒಂದೇ ತೂಕವಿಲ್ಲ. ಬದಲಾಯಿಸಲು ಕಷ್ಟವಾದದ್ದಕ್ಕೆ ಹೆಚ್ಚು ತೂಕ, ಸುಲಭವಾದದ್ದಕ್ಕೆ ಕಡಿಮೆ: ಒಡಲು ಮೊದಲು, ಅದರ ಮೂಲ ತೂತುಗಳು ಆಮೇಲೆ, ನಂತರ ಹೊದಿಕೆ, ಲಗ್ಗು, ರಿಮ್ಮು, ಕೊನೆಗೆ ತೊಗಲು, ಸಿಂಬಲ್, ಬ್ಯಾಡ್ಜು. ಒಡಲುಗಳು ಮೂರೂ ಒಂದೇ ಮರ, ಒಂದೇ ಪದರ, ಒಂದೇ ಬಗೆಯ ಅಂಚಾಗಿದ್ದರೆ ಸೆಟ್ಟಿಗೆ ಒಂದು ಹುಟ್ಟೂರಿದೆ ಎಂದು ಧೈರ್ಯವಾಗಿ ಹೇಳಬಹುದು, ಉಳಿದದ್ದೆಲ್ಲ ಬದಲಾಗಿದ್ದರೂ. ಒಡಲುಗಳೇ ಬೇರೆಬೇರೆಯಾದರೆ ‘ಜೋಡಿಸಿದ ಸೆಟ್’ ಎಂದು ಬರೆಯಬೇಕು, ಯಾವ ಭಾಗ ಯಾವ ಕಾಲದ್ದೆಂದು ಕೆಳಗೆ ನಮೂದಿಸಬೇಕು. ಇದು ಸೋಲಿನ ಉತ್ತರವಲ್ಲ. ಪರವಾನಗಿಯ ಕಾಲದಲ್ಲಿ ಸಣ್ಣ ಊರಿನ ವಾದ್ಯವೃಂದ ಹೇಗೆ ಬದುಕಿತೆಂಬುದಕ್ಕೆ ಅಂಥ ಸೆಟ್ಟು ನೇರ ದಾಖಲೆ: ಬೇಸ್ ಡ್ರಮ್ ಬ್ಯಾಂಡ್‌ಸೆಟ್ಟಿನಿಂದ, ಸ್ನೇರ್ ಬೆಂಗಳೂರಿನ ಸೆಕೆಂಡ್ ಹ್ಯಾಂಡ್, ಸ್ಟ್ಯಾಂಡಿನ ಕಾಲು ಊರಿನ ವೆಲ್ಡಿಂಗ್ ಅಂಗಡಿಯದು. ಬೆಲೆಯ ಮಾತು ಬೇರೆ. ವಿದೇಶಿ ಸಂಗ್ರಾಹಕನಿಗೆ ಅದು ಬೇಡ; ಹಾಗೆಂದು ಅವನ ತಕ್ಕಡಿಯಲ್ಲೇ ನಾವು ತೂಗಬೇಕಿಲ್ಲ.

ಲೋಕಲ್ ಸೆಟ್ಟಿಗೆ ಇಷ್ಟೆಲ್ಲ ರಾಮಾಯಣ ಏಕೆ ಎನ್ನುವವರು ರಾಮನಗರದ ಪಕ್ಕದ ಜಾನಪದ ಲೋಕಕ್ಕೆ ಒಮ್ಮೆ ಹೋಗಿ ಬರಬೇಕು. ಕರ್ನಾಟಕ ಜಾನಪದ ಪರಿಷತ್ತಿನ ಮೂಲಕ 1994ರಲ್ಲಿ ಅದನ್ನು ಕಟ್ಟಿ ನಿಲ್ಲಿಸಿದ ಎಚ್.ಎಲ್. ನಾಗೇಗೌಡರು, ಜನ ಹಳತೆಂದು ಎಸೆಯುತ್ತಿದ್ದ ವಸ್ತುಗಳನ್ನು, ವಾದ್ಯಗಳನ್ನು ಊರೂರಿನಿಂದ ತಂದು ಸಾಲಾಗಿ ಇಡಿಸಿದರು. ತಮಟೆ, ನಗಾರಿಗಳಿಗೆ ಸಿಕ್ಕ ಆ ಗೌರವ ಆರ್ಕೆಸ್ಟ್ರಾದ ಡ್ರಮ್ಮಿಗೆ ತಕ್ಷಣ ಸಲ್ಲುವುದಿಲ್ಲ, ಅದು ‘ಇಂಗ್ಲಿಷ್ ವಾದ್ಯ’ ಎಂಬ ಮಡಿವಂತಿಕೆ ಅಡ್ಡ ಬರುತ್ತದೆ. ನಾಲ್ಕು ದಶಕ ಈ ಊರುಗಳ ವೇದಿಕೆಗಳ ಮೇಲೆ ಡಾ. ರಾಜ್ ಹಾಡುಗಳಿಗೆ ಲಯ ಹಿಡಿದ ವಾದ್ಯ ಇನ್ನೆಷ್ಟು ದಿನ ಪರದೇಶಿಯಾಗಿರಬೇಕೋ ತಿಳಿಯದು. ಬಾರಿಸಿದವರಲ್ಲಿ ಅನೇಕರು ಇನ್ನೂ ಇದ್ದಾರೆ. ಯಾರಿಂದ ಕೊಂಡದ್ದು, ಯಾವ ಭಾಗ ಯಾವಾಗ ಬದಲಿಸಿದ್ದು ಎಂಬುದನ್ನು ಅವರಷ್ಟು ಚೆನ್ನಾಗಿ ಯಾವ ಕ್ಯಾಟಲಾಗೂ ಹೇಳದು. ಅವರ ಮಾತನ್ನೂ ವಸ್ತುವಿನ ಗುರುತಿಗೆ ಒರೆಹಚ್ಚಿ ನೋಡಬೇಕು, ಆದರೆ ಮೊದಲು ಕೇಳಿ ಬರೆದುಕೊಳ್ಳಬೇಕು.

ನಿಮ್ಮ ಅಟ್ಟದಲ್ಲಿಯೋ ಗೋದಾಮಿನಲ್ಲಿಯೋ ಇಂಥದ್ದೊಂದು ಸೆಟ್ ಇದ್ದರೆ ದಯವಿಟ್ಟು ಬ್ರಾಸೊ, ಥಿನ್ನರ್ ಹಿಡಿದು ಕೂರಬೇಡಿ. ಧೂಳನ್ನು ಒಣಬಟ್ಟೆಯಲ್ಲಿ ಒರೆಸಿ, ಒಂದು ತೊಗಲು ಬಿಚ್ಚಿ ಒಳಗೋಡೆಯ ಫೋಟೊ ತೆಗೆಯಿರಿ, ಅಂಚಿನ ಪದರ ಮತ್ತು ತೂತುಗಳ ಫೋಟೊ ತೆಗೆಯಿರಿ, ಒಡಲಿನ ಅಗಲ ಆಳಗಳನ್ನು ಟೇಪಿನಲ್ಲಿ ಅಳೆದು ಬರೆದಿಡಿ. ಮುಂದಿನ ತೊಗಲು ಹರಿದಿದ್ದರೂ ಎಸೆಯಬೇಡಿ, ಬರಹವಿದ್ದರಂತೂ ಸುತ್ತಿ ಎತ್ತಿಡಿ. ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕುವುದಿದ್ದರೆ ಇಷ್ಟು ಮುಗಿಸಿ ಆಮೇಲೆ ಹಾಕಿ.